ಓದುಗರ ಪ್ರಶ್ನೆಗೆ ಉತ್ತರ: ಹೊಳೆ ಇಳಿದ ಮೇಲೆ ಮಕ್ಕಳಿಗೊಂದು ಆಟದ ಜಾಗ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಂದ ಕಳೆದ ಕೆಲವು ವಾರಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಪರಿಹಾರದ ಬಗೆಗಾಗಲಿ, ಬೆಳೆಹಾನಿಯ ಬಗೆಗಾಗಲಿ ಕೇಳಿದವಲ್ಲ. ನೆರೆಯ ನಂತರ ಮಕ್ಕಳು ಆಡುತ್ತಿರುವ, ಇಲ್ಲವೆ ಆಡದೆ ಸುಮ್ಮನೆ ಕುಳಿತಿರುವ ರೀತಿಯನ್ನು ಕಂಡು ಕಳವಳಗೊಂಡವರು ಬರೆದ ಪತ್ರಗಳವು. ಆದ್ದರಿಂದ ಈ ತಿಂಗಳ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯ ಶಿಕ್ಷಕಿ. ಹೋದ ಮಳೆಗಾಲದಲ್ಲಿ ಊರೊಳಗೆ ನೀರು ಹೊಕ್ಕಾಗ ನಮ್ಮ ಶಾಲೆಯೇ ಕಾಳಜಿ ಕೇಂದ್ರವಾಗಿತ್ತು. ನೀರು ಇಳಿದು ಪಾಠಗಳು ಮೊದಲಾದ ಮೇಲೂ ಎರಡನೆಯ ಮತ್ತು ಮೂರನೆಯ ಇಯತ್ತೆಯ ಮಕ್ಕಳು ಬಿಡುವಿನಲ್ಲಿ ಒಂದೇ ಆಟ ಆಡುತ್ತಾರೆ. ಒಬ್ಬ ‘ಹೊಳಿ ಬಂತು, ಹೊಳಿ ಬಂತು’ ಎಂದು ಕೂಗುತ್ತಾನೆ; ಉಳಿದವರು ಪಾಟಿಚೀಲ ತಲೆಯ ಮೇಲೆ ಹೊತ್ತುಕೊಂಡು ಕಟ್ಟೆ ಏರುತ್ತಾರೆ; ಒಬ್ಬ ಹುಡುಗಿ ‘ನಮ್ಮ ಎಮ್ಮಿ ಅಲ್ಲೇ ಉಳೀತು’ ಎಂದು ಅತ್ತಂತೆ ಮಾಡುತ್ತಾಳೆ. ‘ಇದು ಅಪಶಕುನದ ಆಟ, ಬಿಡಸ್ರಿ ಅಕ್ಕೋರ’ ಎಂದು ಪಾಲಕರು ದಿನಾ ಹೇಳುತ್ತಿದ್ದಾರೆ. ನಾನು ಈ ಆಟವನ್ನು ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ. ನೆರೆ ಬಂದ ರಾತ್ರಿ ಈ ಮಕ್ಕಳ ಕೈಯಲ್ಲಿ ಏನೂ ಇರಲಿಲ್ಲ. ನಿದ್ದೆಗಣ್ಣಿನಲ್ಲಿದ್ದವರನ್ನು ಯಾರೋ ಎತ್ತಿ ಟ್ರ್ಯಾಕ್ಟರಿನಲ್ಲಿ ಕೂಡ್ರಿಸಿದರು, ಇನ್ಯಾರೋ ಇಳಿಸಿಕೊಂಡರು. ನಾಯಿ ಎಲ್ಲಿ ಉಳಿಯಿತು, ಪಾಟಿಚೀಲ ಏನಾಯಿತು ಎಂದು ಕೇಳಿದರೆ ಹಿರಿಯರಿಗೆ ಉತ್ತರಿಸುವ ವ್ಯವಧಾನವಿರಲಿಲ್ಲ. ಆಟದಲ್ಲಾದರೆ ಅದೇ ಹೊಳೆ ಇವರು ಕರೆದಾಗ ಬರುತ್ತದೆ, ಸಾಕೆಂದಾಗ ಇಳಿದುಹೋಗುತ್ತದೆ, ಯಾವ ಎಮ್ಮೆ ಉಳಿಯಬೇಕೆಂಬುದನ್ನೂ ಇವರೇ ಗೊತ್ತುಮಾಡುತ್ತಾರೆ. ಹಿರಿಯರು ನೆರೆಯ ಕಥೆಯನ್ನು ಚಹದಂಗಡಿಯ ಮುಂದೆ ಕುಳಿತು ಹತ್ತು ಸಲ ಹೇಳಿ ಹಗುರಾಗುತ್ತಾರಲ್ಲ, ಮಾತು ಇನ್ನೂ ಕೈಗೆ ಹತ್ತದ ಮಗು ಅದನ್ನೇ ಮೈಯಿಂದ ಹೇಳುತ್ತದೆ.

ಇದು ನಮ್ಮ ಊರಿನ ಮಕ್ಕಳು ಮಾತ್ರ ಮಾಡುವುದಲ್ಲ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ ಭೂಕಂಪವಾಗಿ, ಅದರ ಬೆನ್ನಿಗೇ ಸುನಾಮಿ ಬಂದು, ಕೆಸೆನ್ನುಮಾ ಎಂಬ ಮೀನುಗಾರಿಕೆಯ ಪಟ್ಟಣ ನೀರಿಗೂ ಬೆಂಕಿಗೂ ತುತ್ತಾಯಿತು. ಅಲ್ಲಿ ಏಪ್ರಿಲ್ ಮುಗಿಯುವುದರೊಳಗೆ ಮಕ್ಕಳಿಗಾಗಿ ಒಂದು ಆಟದ ಜಾಗ ತೆರೆಯಿತು. ಅಲ್ಲಿಯ ಮಕ್ಕಳು ‘ಸುನಾಮಿ ಆಟ’, ‘ಭೂಕಂಪದ ಆಟ’ ಆಡತೊಡಗಿದರು. ಜೊತೆಗಿದ್ದ ಆಟದ ಕಾರ್ಯಕರ್ತರು ಅದನ್ನು ತಡೆಯಲಿಲ್ಲ. ಹಾಗೆಂದು ಆಡಿರಿ ಎಂದು ಹುರಿದುಂಬಿಸಲೂ ಇಲ್ಲ. ಈ ಎರಡನೆಯ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಒಳ್ಳೆಯದಂತೆ’ ಎಂದು ಕೇಳಿದ ಕೂಡಲೆ ನೆರೆಯ ಆಟವನ್ನು ಶನಿವಾರದ ಚಟುವಟಿಕೆಯಾಗಿ ಮಾಡಿಸುವ ಉತ್ಸಾಹಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೇಳಿ ಮಾಡಿಸಿದ ಕೂಡಲೆ ಅದು ಆಟವಾಗಿ ಉಳಿಯುವುದಿಲ್ಲ.

ಆದರೂ ನೀವು ಒಂದು ಕಣ್ಣಿಟ್ಟಿರಬೇಕು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲಾ ಎಂಬ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ದುಷ್ಕರ್ಮಿಗಳು ಅಪಹರಿಸಿದ್ದರು. ಪಾರಾಗಿ ಬಂದ ಮಕ್ಕಳನ್ನು ಮುಂದೆ ಹಲವು ವರ್ಷ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್ ಅವರು, ಆಘಾತದ ನಂತರದ ಆಟಗಳೆಲ್ಲ ಒಂದೇ ಬಗೆಯವಲ್ಲ ಎಂದು ತೋರಿಸಿಕೊಟ್ಟರು. ಕೆಲವು ಆಟಗಳು ಮಗುವನ್ನು ಹಗುರಗೊಳಿಸುತ್ತವೆ. ಇನ್ನು ಕೆಲವು ಗಾಣದ ಎತ್ತಿನ ಹಾಗೆ ಅದೇ ಸುತ್ತಿನಲ್ಲಿ ತಿರುಗುತ್ತವೆ, ನಗುವಿಲ್ಲದೆ, ಬದಲಾವಣೆಯಿಲ್ಲದೆ, ಮುಗಿದ ಮೇಲೂ ಭಯವನ್ನು ಹಾಗೆಯೇ ಉಳಿಸಿ. ಆದ್ದರಿಂದ ನಿಮ್ಮ ಮಕ್ಕಳ ಆಟ ಬದಲಾಗುತ್ತಿದೆಯೇ ಎಂದು ನೋಡಿ. ಈ ವಾರ ಒಬ್ಬ ದೋಣಿ ತಂದನೇ, ಮುಂದಿನ ವಾರ ಎಮ್ಮೆ ತಾನೇ ಈಜಿ ಬಂತೇ, ಯಾರಾದರೂ ತಹಶೀಲ್ದಾರರಾಗಿ ಬಂದು ಪಟ್ಟಿ ಬರೆದುಕೊಂಡರೇ? ಹಾಗಿದ್ದರೆ ಆಟ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ತಿಂಗಳುಗಟ್ಟಲೆ ಒಂದು ಅಕ್ಷರವೂ ಬದಲಾಗದಿದ್ದರೆ, ಆಟ ಮುಗಿದ ಮೇಲೆ ಯಾವುದಾದರೂ ಮಗು ಮೊದಲಿಗಿಂತ ಹೆಚ್ಚು ನಡುಗುತ್ತಿದ್ದರೆ, ಸುಮ್ಮನೆ ಆಟದೊಳಗೆ ಹೋಗಿ ‘ಟ್ರ್ಯಾಕ್ಟರ್ ಬಂತು, ಯಾರು ಹತ್ತುತ್ತೀರಿ?’ ಎಂದು ಒಂದು ಬಾಗಿಲು ತೆರೆದು ನೋಡಿ. ಅದಕ್ಕೂ ಆ ಮಗು ಹೊರಳದಿದ್ದರೆ ವೈದ್ಯರ ಮಾತು ಕೇಳಬೇಕು. ಅದರ ವಿವರ ಕೆಳಗೆ ಇನ್ನೊಂದು ಉತ್ತರದಲ್ಲಿದೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. 2019ರ ಆಗಸ್ಟಿನಲ್ಲಿ ನಾಗರಪಂಚಮಿಯ ಜೋಕಾಲಿಯ ಹಗ್ಗ ಇನ್ನೂ ಗಿಡದಲ್ಲಿರುವಾಗಲೇ ಮೂರೂ ಹೊಳೆಗಳು ಊರು ಹೊಕ್ಕವು. ಆಗ ಒಂದು ಕಾಳಜಿ ಕೇಂದ್ರದಲ್ಲಿ ನಾನು ಚಿತ್ರಕಲಾ ಸ್ಪರ್ಧೆ ಇಟ್ಟೆ. ಒಬ್ಬ ಹುಡುಗ ಇಡೀ ಹಾಳೆಗೆ ಕಂದು ಬಣ್ಣ ಬಳಿದು ತಂದ. ‘ಇದೇನಪ್ಪಾ, ಒಂದು ಸೂರ್ಯನನ್ನಾದರೂ ತೆಗೆ, ಒಂದು ಗುಡ್ಡ ತೆಗೆ’ ಎಂದು ಹಾಳೆಯನ್ನು ತಿರುಗಿ ಕೊಟ್ಟೆ. ಮರುದಿನ ಅವನು ಬರಲಿಲ್ಲ. ಅವನು ಕಂಡ ನೀರಿನ ಬಣ್ಣ ಅದೇ ಆಗಿತ್ತೆಂದೂ, ಚಿತ್ರ ಪೂರ್ತಿಯಾಗಿಯೇ ಇತ್ತೆಂದೂ ನನಗೆ ಹೊಳೆದದ್ದು ಬಹಳ ತಡವಾಗಿ.

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ನಮ್ಮ ಊರಿನ ಅರ್ಧ ಜನ ಹೊಸ ಪ್ಲಾಟಿಗೆ ಬಂದಿದ್ದಾರೆ. ಬೆಂಗಳೂರಿನ ಒಬ್ಬ ದಾನಿಗಳು ಮಕ್ಕಳಿಗಾಗಿ ಜಾರುಬಂಡೆ, ಉಯ್ಯಾಲೆ ಮೊದಲಾದ ಕಬ್ಬಿಣದ ಸಾಮಾನು ಕೊಡಿಸಲು ಮುಂದೆ ಬಂದಿದ್ದಾರೆ. ಇದೇ ವೇಳೆಗೆ ನಮ್ಮ ಅಂಗನವಾಡಿ ಕಾರ್ಯಕರ್ತೆಯೊಬ್ಬರು ತರಬೇತಿಯಲ್ಲಿ ‘ಸಾಹಸ ಆಟದ ಜಾಗ’ ಎಂಬುದರ ಬಗ್ಗೆ ಕೇಳಿ ಬಂದು, ಊರವರೇ ಸೇರಿ ಅಂಥದನ್ನು ಮಾಡೋಣ ಎನ್ನುತ್ತಿದ್ದಾರೆ. ಹಾಗೆಂದರೇನು, ಎಷ್ಟು ಖರ್ಚು, ಯಾವುದನ್ನು ಆರಿಸಬೇಕು?

ಉತ್ತರ: ಅಂಗನವಾಡಿ ಕಾರ್ಯಕರ್ತೆಯ ಮಾತನ್ನು ಆರಿಸಿ. ದಾನಿಗಳನ್ನೂ ಬಿಡಬೇಡಿ; ಅವರ ಹಣವನ್ನು ಎಲ್ಲಿ ಹಾಕಬೇಕೆಂಬುದನ್ನು ಆಮೇಲೆ ಹೇಳುತ್ತೇನೆ.

ಈ ಬಗೆಯ ಆಟದ ಜಾಗ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ, ಅದೂ ಯುದ್ಧದ ನಡುವೆ. ಕಾರ್ಲ್ ಥಿಯೋಡೋರ್ ಸೋರೆನ್‌ಸನ್ ಎಂಬ ಉದ್ಯಾನ ವಿನ್ಯಾಸಕಾರರು ಮಕ್ಕಳಿಗಾಗಿ ಅಂದವಾದ ಆಟದ ಬಯಲುಗಳನ್ನು ಮಾಡಿಕೊಟ್ಟವರು. ಮಕ್ಕಳು ಅವನ್ನು ಬಿಟ್ಟು ಕಟ್ಟಡ ಕೆಲಸ ನಡೆಯುವಲ್ಲಿ, ಗುಜರಿಯ ರಾಶಿಗಳಲ್ಲಿ ಮೈಮರೆತು ಆಡುವುದನ್ನು ಕಂಡ ಅವರು 1931ರಲ್ಲಿಯೇ ‘ಗುಜರಿ ಆಟದ ಜಾಗ’ ಎಂಬ ಯೋಚನೆಯನ್ನು ಬರೆದಿಟ್ಟರು. ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಕೋಪನ್‌ಹೇಗನ್ ನಗರದ ಎಮ್‌ಡ್ರುಪ್ ಬಡಾವಣೆಯಲ್ಲಿ 1943ರಲ್ಲಿ ಅದು ಕಾರ್ಯರೂಪಕ್ಕೆ ಬಂತು. ಹಲಗೆ, ಇಟ್ಟಿಗೆ, ಹಗ್ಗ, ಮಣ್ಣು ಮತ್ತು ಸುತ್ತಿಗೆ ಮಕ್ಕಳ ಕೈಗೆ ಸಿಕ್ಕವು; ಜಾನ್ ಬರ್ಟೆಲ್ಸನ್ ಎಂಬವರು ಜೊತೆಗಿರುವ ಮೊದಲ ಹಿರಿಯರಾದರು. 1946ರಲ್ಲಿ ಅದನ್ನು ನೋಡಿ ಬಂದ ಇಂಗ್ಲೆಂಡಿನ ಲೇಡಿ ಅಲೆನ್ ಅವರು, ಬಾಂಬು ಬಿದ್ದು ಹಾಳಾದ ಲಂಡನ್ನಿನ ಖಾಲಿ ಜಾಗಗಳನ್ನೇ ಮಕ್ಕಳಿಗೆ ಬಿಟ್ಟುಕೊಡಿ ಎಂದು ವಾದಿಸಿದರು; 1948ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಅಂಥದೊಂದು ಶುರುವಾಯಿತು. ಕೆಡಹಿದ್ದರಿಂದಲೇ ಕಟ್ಟುವುದು ಇದರ ಹುಟ್ಟುಗುಣ ಎಂದು ಕಾಣುತ್ತದೆ, ನಮ್ಮ ಬಿದ್ದ ಮನೆಗಳ ಜಂತಿಗಳ ಮಟ್ಟಿಗೆ ಇದು ಮುಖ್ಯವಾದ ಮಾತು.

ನಿಮಗೆ ಇದಕ್ಕಿಂತಲೂ ಉಪಯೋಗದ ಕಥೆ ಜಪಾನಿನದು, ಏಕೆಂದರೆ ಅದು ಊರವರೇ ನಡೆಸಿದ ಕೆಲಸ. ಟೋಕಿಯೋದ ಸೆತಗಾಯಾ ವಾರ್ಡಿನ ಹನೇಗಿ ಉದ್ಯಾನದಲ್ಲಿ 1979ರಲ್ಲಿ ಇಂಥ ಜಾಗ ಆರಂಭವಾಯಿತು. ಜಾಗ ವಾರ್ಡಿನದು, ನಡೆಸುವವರು ಅಕ್ಕಪಕ್ಕದ ತಾಯಿತಂದೆಗಳು ಮತ್ತು ಅವರ ಜೊತೆಗಿರುವ ಆಟದ ಕಾರ್ಯಕರ್ತರು. ‘ನಿಮ್ಮ ಹೊಣೆಯ ಮೇಲೆ ಸ್ವತಂತ್ರವಾಗಿ ಆಡಿ’ ಎಂಬುದು ಅಲ್ಲಿಯ ನಿಯಮ. 1995ರ ಜನವರಿ 17ರಂದು ಕೋಬೆ ನಗರ ಭೂಕಂಪದಿಂದ ಕುಸಿದಾಗ ಸೆತಗಾಯಾದ ಈ ಅನುಭವಸ್ಥರು ಅಲ್ಲಿಗೆ ಹೋಗಿ ಸಂತ್ರಸ್ತ ಮಕ್ಕಳಿಗೆ ಆಟದ ಜಾಗ ಮಾಡಿದರು. 2011ರಲ್ಲಿ ಕೆಸೆನ್ನುಮಾಕ್ಕೆ ಕೆಲವೇ ವಾರಗಳಲ್ಲಿ ಜನ ತಲುಪಲು ಸಾಧ್ಯವಾದದ್ದೂ ಆ ಅನುಭವ ಕೈಯಲ್ಲಿದ್ದುದರಿಂದಲೇ. ಅಲ್ಲಿ ಶಾಲೆಯ ಮೈದಾನಗಳಲ್ಲೆಲ್ಲ ತಾತ್ಕಾಲಿಕ ಮನೆಗಳು ಎದ್ದು, ಮಕ್ಕಳಿಗೆ ಓಡಲು ಜಾಗವೇ ಇಲ್ಲದಾಗಿತ್ತು. ಹೀಗಾಗಿ ಆಟದ ಸಾಮಾನು ತುಂಬಿದ ವಾಹನವೊಂದು ಊರೂರಿಗೆ ತಿರುಗುವ ವ್ಯವಸ್ಥೆಯನ್ನೂ ಮಾಡಿದರು. ನಮ್ಮಲ್ಲಿಯೂ ಶಾಲೆಯೇ ಕಾಳಜಿ ಕೇಂದ್ರವಾಗುತ್ತದೆ, ಮೈದಾನದಲ್ಲಿ ದನ ಕಟ್ಟುತ್ತಾರೆ. ಮಕ್ಕಳ ಜಾಗವನ್ನು ಮೊದಲು ಕಸಿಯುವುದು ನೀರು, ನಂತರ ಪರಿಹಾರದ ಕೆಲಸ.

ಈಗ ನಿಮ್ಮ ಹೊಸ ಪ್ಲಾಟಿನ ವಿಚಾರ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಸಾಲುಮನೆಗಳನ್ನು ನೋಡಿದವರಿಗೆ ಗೊತ್ತು: ಗೆರೆ ಎಳೆದಂಥ ರಸ್ತೆಗಳಿವೆ, ಕುಳಿತುಕೊಳ್ಳಲು ಕಟ್ಟೆಯಿಲ್ಲ, ಏರಲು ಗಿಡವಿಲ್ಲ. ಅಂಥ ಊರುಗಳಲ್ಲಿ ಎಷ್ಟೋ ಮನೆಗಳು ಖಾಲಿ ಉಳಿದವು. ಹಳೆಯ ಊರಿನಲ್ಲಿ ಗಿಡಮಂಗನಾಟಕ್ಕೆ ಆಲದ ಗಿಡವಿತ್ತು, ಲಗೋರಿಗೆ ಹಂಚಿನ ಚೂರುಗಳಿದ್ದವು, ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಎರೆಮಣ್ಣು ಇತ್ತು. ಅವನ್ನು ಯಾರೂ ಆಟದ ಸಾಮಾನು ಎಂದು ಕರೆದಿರಲಿಲ್ಲ, ಆದ್ದರಿಂದ ಸ್ಥಳಾಂತರದ ಪಟ್ಟಿಯಲ್ಲಿ ಅವು ಬರಲೂ ಇಲ್ಲ.

ಪ್ಲಾಟಿನ ನಡುವೆ, ಮನೆಗಳಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಅರ್ಧ ಎಕರೆಯಷ್ಟು ಗಾಂವಠಾಣ ಜಾಗ ಸಿಕ್ಕರೆ ಸಾಕು. ಒಂದೆರಡು ಬೇವಿನ ಗಿಡಗಳಿದ್ದರೆ ಭಾಗ್ಯ. ಸುತ್ತ ಜಾಲಿಯ ಬೇಲಿ ಬೇಡ, ಇದ್ದದ್ದನ್ನೂ ತೆಗೆಸಿ. ಸಾಮಾನು ಎಂದರೆ ಬಿದ್ದ ಮನೆಗಳ ಮೊಳೆ ಕಿತ್ತ ಜಂತಿ ಮತ್ತು ಹಲಗೆ, ಹಳೆಯ ಟೈರು, ಕಟ್ಟಲು ಬಲವಾದ ಹಗ್ಗ, ತಾಡಪತ್ರಿ, ಗೋಣಿಚೀಲ, ಬಿದಿರು, ಕಬ್ಬಿನ ರವದಿ, ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು, ಒಂದು ಟ್ರ್ಯಾಕ್ಟರ್ ಉಸುಕು, ಒಂದು ನಳ. ಸಣ್ಣ ಸಲಿಕೆ, ಸುತ್ತಿಗೆ, ಕೈಗರಗಸ ಒಂದು ಪೆಟ್ಟಿಗೆಯಲ್ಲಿರಲಿ, ಕೀಲಿ ಜವಾಬ್ದಾರಿಯ ಹಿರಿಯರ ಬಳಿ ಇರಲಿ. ಮಕ್ಕಳು ಇದರಲ್ಲಿ ಏನು ಕಟ್ಟಬೇಕೆಂದು ನಕ್ಷೆ ಬರೆಯಿಸಬೇಡಿ. ಅವರು ಮೊದಲು ಮನೆಯನ್ನೇ ಕಟ್ಟುವುದು ಹೆಚ್ಚು, ಕಟ್ಟಿ ಕೆಡವುತ್ತಾರೆ, ಮತ್ತೆ ಕಟ್ಟುತ್ತಾರೆ. ಪಂಚಾಯಿತಿಯ ಕಣ್ಣಿಗೆ ಇದು ಹೊಲಸಾಗಿ ಕಾಣುತ್ತದೆ. ಉದ್ಘಾಟನೆಗೆ ಬರುವವರಿಗೆ ಫೋಟೊ ತೆಗೆಸಿಕೊಳ್ಳಲು ಏನೂ ಇರುವುದಿಲ್ಲ. ಇದನ್ನು ಮೊದಲೇ ಹೇಳಿಟ್ಟಿರುವುದು ಒಳಿತು.

ದಾನಿಗಳ ಕಬ್ಬಿಣದ ಜಾರುಬಂಡೆಯ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನದಲ್ಲಿ ತಗಡಿನ ಮೇಲೆ ಕುಳಿತವರು ಎರಡನೆಯ ಸಲ ಕುಳಿತದ್ದನ್ನು ನಾನು ಕಂಡಿಲ್ಲ. ಅದಲ್ಲದೆ ಜಾರುಬಂಡೆಯ ಮೇಲೆ ಮಗು ಮಾಡಬಹುದಾದದ್ದು ಒಂದೇ. ಎಲ್ಲವನ್ನೂ ಕಳೆದುಕೊಂಡು ಬಂದ ಮಗುವಿಗೆ ತನ್ನ ಕೈಯಿಂದ ಏನಾದರೂ ಬದಲಾಗುತ್ತದೆ ಎಂಬುದನ್ನು ಕಾಣುವ ಅವಕಾಶ ಬೇಕಾಗಿರುತ್ತದೆ, ಬೋಲ್ಟು ಹಾಕಿ ಕೂಡ್ರಿಸಿದ ಸಾಮಾನಿನಲ್ಲಿ ಅದು ಸಿಗದು. ದಾನಿಗಳಿಗೆ ಕೈಮುಗಿದು, ಅದೇ ಹಣದಲ್ಲಿ ಊರಿನ ಇಬ್ಬರಿಗೆ ಎರಡು ವರ್ಷ ಗೌರವಧನ ಕೊಡಿಸಿ ಎಂದು ಕೇಳಿ. ಮನುಷ್ಯನ ಸಂಬಳದ ಮೇಲೆ ದಾನಿಗಳ ಹೆಸರಿನ ಫಲಕ ಹಚ್ಚಲಾಗದು ಎಂಬ ತೊಡಕು ಇದೆ, ಬೇಕಾದರೆ ಬೇವಿನ ಗಿಡಕ್ಕೆ ಕಟ್ಟೆ ಕಟ್ಟಿಸಿ ಅದರ ಮೇಲೆ ಹೆಸರು ಕೆತ್ತಿಸಿ.

ಏಕೆಂದರೆ ಇಡೀ ಕೆಲಸ ನಿಲ್ಲುವುದು ಆ ಇಬ್ಬರ ಮೇಲೆ. ಒಬ್ಬರು ಹೆಣ್ಣುಮಗಳು, ಒಬ್ಬರು ಗಂಡುಮಗ ಇದ್ದರೆ ಒಳ್ಳೆಯದು. ಪದವಿ ಬೇಕಿಲ್ಲ, ಮಕ್ಕಳು ಈಗಾಗಲೇ ಬೆನ್ನು ಹತ್ತಿ ಹೋಗುವಂಥವರು ಬೇಕು. ಪ್ರತಿ ಊರಿನಲ್ಲಿ ಅಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಗರಡಿ ಮನೆಯ ಹುಡುಗನಿರಬಹುದು, ಬಡಿಗತನ ಬಲ್ಲ ಅಜ್ಜನಿರಬಹುದು, ಸ್ತ್ರೀಶಕ್ತಿ ಸಂಘದ ಸದಸ್ಯೆ ಇರಬಹುದು. ಕೇಳಿದಾಗ ಗಂಟು ಹಾಕಿ ತೋರಿಸುವುದು, ಜಗಳ ಕೈಮೀರಿದಾಗ ನಡುವೆ ನಿಲ್ಲುವುದು, ದಿನಾ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೋಗುವುದು ಅವರ ಕೆಲಸ. ಈ ಕೊನೆಯದು ಚಿಕ್ಕ ಮಾತಲ್ಲ. ನೆರೆ ಕಂಡ ಮಕ್ಕಳಿಗೆ ಹೇಳಿದ ಹೊತ್ತಿಗೆ ಹೇಳಿದವರು ಬಂದರೆ ಅದೇ ಅರ್ಧ ಧೈರ್ಯ.

ಪಂಚಾಯಿತಿಯ ಪಾತ್ರವೂ ಇದೆ. ಮಕ್ಕಳಿಗೆ ವಿಶ್ರಾಂತಿಯ ಮತ್ತು ಆಟದ ಹಕ್ಕಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ರೂಢಿ ಇದೆಯಲ್ಲ, ಈ ಜಾಗವನ್ನು ಎಲ್ಲಿ ಮಾಡಬೇಕೆಂಬುದನ್ನು ಅಲ್ಲಿ ಕೇಳಿ, ಠರಾವು ಬರೆಸಿ. ಶಾಲಾಭಿವೃದ್ಧಿ ಸಮಿತಿ, ಯುವಕ ಮಂಡಳ, ಸ್ತ್ರೀಶಕ್ತಿ ಸಂಘಗಳಿಂದ ಇಬ್ಬಿಬ್ಬರನ್ನು ತೆಗೆದುಕೊಂಡು ಒಂದು ಸಣ್ಣ ಸಮಿತಿ ಮಾಡಿದರೆ ನಡೆಯುತ್ತದೆ. ಸಮಿತಿಯಲ್ಲಿ ಹೊಸ ಪ್ಲಾಟಿನವರೂ ಹಳೆಯ ಊರಿನವರೂ ಇರಲಿ, ಎಲ್ಲ ಓಣಿಗಳವರೂ ಇರಲಿ. ಒಂದು ಓಣಿಯ ಮಕ್ಕಳು ಮಾತ್ರ ಬರುವ ಜಾಗವಾದರೆ ಅದು ಊರಿನದಾಗುವುದಿಲ್ಲ.

ಪ್ರಶ್ನೆ: ಚಿಕ್ಕೋಡಿ ಕಡೆಯ ಒಬ್ಬ ತಂದೆ ನಾನು. ಇಂಥ ಜಾಗದಲ್ಲಿ ಮಗು ಬಿದ್ದು ಕೈಕಾಲು ಮುರಿದರೆ ಯಾರು ಹೊಣೆ? ನೆರೆಯಿಂದ ಉಳಿಸಿಕೊಂಡ ಮಗನನ್ನು ಮೊಳೆ, ಸುತ್ತಿಗೆಗಳ ನಡುವೆ ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಅಂಜಿಕೆ ಸಹಜವಾದುದು, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಅಪಾಯದಲ್ಲಿ ಎರಡು ಬಗೆ ಇವೆ. ಮಗುವಿನ ಕಣ್ಣಿಗೆ ಕಾಣುವಂಥದು ಒಂದು: ಕೊಂಬೆ ಎಷ್ಟು ಎತ್ತರ, ಹಲಗೆ ಅಲ್ಲಾಡುತ್ತದೆಯೇ, ಸುತ್ತಿಗೆ ಬೆರಳಿಗೆ ಬಿದ್ದೀತೇ. ಇದನ್ನು ಮಗು ಅಳೆಯುತ್ತದೆ, ಹಿಂಜರಿಯುತ್ತದೆ, ಒಂದು ದಿನ ಏರುತ್ತದೆ. ನೆರೆಯಲ್ಲಿ ಮೈಯೆಲ್ಲ ಅಂಜಿಕೆಯಾಗಿದ್ದ ಮಗುವಿಗೆ ತಾನೇ ಆರಿಸಿಕೊಂಡ ಸಣ್ಣ ಅಂಜಿಕೆಯನ್ನು ದಾಟಿದ ಅನುಭವ ಔಷಧಕ್ಕೆ ಸಮ. ಇನ್ನೊಂದು, ಮಗುವಿಗೆ ಕಾಣಲಾರದಂಥದು: ಜೋತುಬಿದ್ದ ಕರೆಂಟಿನ ತಂತಿ, ಒಳಗೆ ಕೊಳೆತ ತೊಲೆ, ತೆರೆದ ಬಾವಿ, ಕೆಸರಿನೊಳಗಿನ ಗಾಜು, ತಗಡಿನ ಕೆಳಗೆ ಸೇರಿದ ಹಾವು. ಈ ಎರಡನೆಯ ಬಗೆಯನ್ನು ತೆಗೆಯುವುದು ಪೂರ್ತಿಯಾಗಿ ಹಿರಿಯರ ಹೊಣೆ, ಮಕ್ಕಳು ಬರುವ ಮೊದಲು ದಿನಾಲೂ ಮಾಡಬೇಕಾದ ಕೆಲಸ.

ನೆರೆ ಇಳಿದ ಹೊಸತರಲ್ಲಿ ನಿಂತ ನೀರಿನಲ್ಲಿ, ದನಕರು ಸತ್ತುಬಿದ್ದ ರಾಡಿಯಲ್ಲಿ ಆಡಲು ಬಿಡಲೇಬೇಡಿ. ಕಾಲಿನ ಗಾಯದ ಮೂಲಕ ಇಲಿಜ್ವರ ತಗಲುವ ಸಂಭವವಿರುತ್ತದೆ. ಆಟದ ಮಣ್ಣು ಬೇರೆ ಕಡೆಯಿಂದ ತಂದದ್ದಾಗಿರಲಿ. ಧನುರ್ವಾಯುವಿನ ಲಸಿಕೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರಕಾರದಿಂದಲೇ ಸಿಗುತ್ತದೆ. ನಿಮ್ಮ ಮಗನಿಗೆ ಯಾವುದು ಬಾಕಿ ಇದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ 108ಕ್ಕೆ ಕರೆ ಮಾಡಲು ಒಂದು ಫೋನೂ ಅಲ್ಲಿ ಇರಬೇಕು. ಹೊಣೆ ಯಾರದು ಎಂಬುದಕ್ಕೆ ಬಾಯಿಮಾತು ಸಾಲದು. ಜಾಗ ಪಂಚಾಯಿತಿಯದು, ನಡೆಸುವುದು ಇಂಥ ಸಮಿತಿ, ಪಾಲಕರು ತಿಳಿದು ಕಳುಹಿಸುತ್ತಿದ್ದಾರೆ ಎಂಬುದನ್ನು ಠರಾವಿನಲ್ಲಿ ಬರೆದು ಓದಿ ಹೇಳಬೇಕು. ನೀವು ಒಂದು ವಾರ ಮಗನ ಜೊತೆ ಹೋಗಿ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ‘ಹುಷಾರ್, ಹುಷಾರ್’ ಎಂದು ಕೂಗದೆ ಕೂಡ್ರುವುದು ಕಷ್ಟ, ಆದರೂ ಕೂಡ್ರಿರಿ.

ಪ್ರಶ್ನೆ: (ಗೋಕಾಕ ತಾಲ್ಲೂಕಿನ ಒಬ್ಬ ಅಜ್ಜಿ ನೆರೆಮನೆಯ ವಿದ್ಯಾರ್ಥಿಯ ಕೈಯಿಂದ ಬರೆಸಿದ್ದು.) ನನ್ನ ಮೊಮ್ಮಗಳಿಗೆ ಏಳು ವರ್ಷ. ಮನೆಗೆ ನೀರು ಬಂದಾಗಿನಿಂದ ಯಾರ ಜೊತೆಗೂ ಆಡುವುದಿಲ್ಲ. ನನ್ನ ಸೀರೆಯ ಸೆರಗು ಬಿಡುವುದಿಲ್ಲ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಮಳೆ ಹನಿದರೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಾಳೆ. ಊರಲ್ಲಿ ಮಕ್ಕಳ ಆಟ ಶುರುವಾಗಿದೆ. ಬಲವಂತದಿಂದ ಕಳುಹಿಸಲೇ?

ಉತ್ತರ: ಬಲವಂತ ಬೇಡ, ಅವ್ವಾ. ಸೆರಗು ಹಿಡಿದುಕೊಂಡೇ ಬರಲಿ, ನೀವೇ ಅವಳ ಜೊತೆ ಆಟದ ಜಾಗಕ್ಕೆ ಹೋಗಿ ಒಂದು ಮೂಲೆಯಲ್ಲಿ ಕುಳಿತುಕೊಳ್ಳಿ. ಅವಳು ಬರೀ ನೋಡಿದರೂ ಸರಿ. ಅಂಥ ಮಕ್ಕಳಿಗೆ ನೋಡುವುದೂ ಆಟದ ಒಂದು ಪಾಲು. ನಿಮ್ಮ ಕೈಗೆ ಒಂದಿಷ್ಟು ಮಣ್ಣು ತೆಗೆದುಕೊಂಡು ಗುಳ್ಳವ್ವನನ್ನೋ ಒಂದು ಜೋಡಿ ಎತ್ತನ್ನೋ ಮಾಡತೊಡಗಿ, ಅವಳಿಗೆ ಮಾಡು ಎನ್ನಬೇಡಿ. ಬಾಲಕ್ಕೆ ಕಡ್ಡಿ, ಕೊಂಬಿಗೆ ಬಣ್ಣದ ದಾರ ಬೇಕೆಂದು ಅವಳಿಂದ ತರಿಸಿಕೊಂಡರೆ ಮುಂದಿನದನ್ನು ಮಣ್ಣೇ ನೋಡಿಕೊಳ್ಳುತ್ತದೆ.

ಹಾಸಿಗೆ ಒದ್ದೆಯಾದುದಕ್ಕೆ ಬಯ್ಯಬೇಡಿ, ಇತರರ ಎದುರಿಗೆ ಅದರ ಮಾತೆತ್ತಬೇಡಿ. ನೆರೆಯಂಥ ಘಟನೆಯ ನಂತರ ಚಿಕ್ಕ ಮಕ್ಕಳು ಹಿಂದಿನ ವಯಸ್ಸಿಗೆ ಜಾರುವುದುಂಟು. ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಮಳೆ ಬಂದಾಗ ‘ಏನೂ ಆಗಲ್ಲ’ ಎಂದು ಮಾತು ಮುಚ್ಚುವುದಕ್ಕಿಂತ, ನೀರು ಏರಿದರೆ ನಾವು ಎಲ್ಲಿಗೆ ಹೋಗುತ್ತೇವೆ, ಯಾರು ನಿನ್ನ ಕೈ ಹಿಡಿಯುತ್ತಾರೆ ಎಂದು ಅವಳಿಗೆ ಬಿಡಿಸಿ ಹೇಳಿ. ಗಂಟು ಕಟ್ಟಿ ಇಡುವ ಕೆಲಸದಲ್ಲಿ ಅವಳನ್ನೂ ಸೇರಿಸಿಕೊಳ್ಳಿ.

ಒಂದು ತಿಂಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಮಾತು ಕಡಿಮೆಯಾಗುತ್ತಲೇ ಹೋದರೆ, ಸಾಯುವ ಮಾತು ಆಡಿದರಂತೂ ಒಂದು ದಿನವೂ ತಡೆಯದೆ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಈ ಪತ್ರ ಬರೆದುಕೊಟ್ಟ ವಿದ್ಯಾರ್ಥಿಯೇ ಆ ಕರೆಯನ್ನೂ ಮಾಡಿಕೊಡಲಿ. ಆಟ ಬಹಳ ಮಕ್ಕಳಿಗೆ ಸಾಕಾಗುತ್ತದೆ, ಎಲ್ಲರಿಗೂ ಸಾಕಾಗುವುದಿಲ್ಲ. ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಮಗುವಿಗೆ ಅದೊಂದನ್ನೇ ನಂಬಿ ಕೂಡ್ರಬಾರದು.

ಪ್ರಶ್ನೆ: ರಾಮದುರ್ಗ ತಾಲ್ಲೂಕಿನ ನಮ್ಮ ಊರಿನಲ್ಲಿ ಯುವಕ ಮಂಡಳದವರು ಆಟದ ಜಾಗ ಆರಂಭಿಸಿದ್ದಾರೆ. ಆದರೆ ಹನ್ನೊಂದು ಹನ್ನೆರಡು ದಾಟಿದ ಹುಡುಗಿಯರು ಒಬ್ಬರೂ ಬರುತ್ತಿಲ್ಲ. ಏನು ಮಾಡಬೇಕು?

ಉತ್ತರ: ಅವರು ಎಲ್ಲಿದ್ದಾರೆ ಎಂದು ಮೊದಲು ನೋಡಿ. ನೆರೆಯ ನಂತರ ತಾಯಿ ಕೂಲಿಗೆ ಹೋದರೆ ತಮ್ಮ ತಂಗಿಯರು ಕಂಕುಳಲ್ಲಿ, ನೀರಿನ ಕೊಡ ತಲೆಯ ಮೇಲೆ. ತಮ್ಮನನ್ನು ಎತ್ತಿಕೊಂಡೇ ಬಾ ಎಂದು ಹೇಳಿ, ಚಿಕ್ಕವರಿಗೆ ನೆರಳಿನಲ್ಲಿ ಒಂದು ತಾಡಪತ್ರಿ ಹಾಸಿ, ಸಂಘದ ಒಬ್ಬ ಹಿರಿಯ ಹೆಣ್ಣುಮಗಳು ಅಲ್ಲಿ ಇರುವಂತೆ ಮಾಡಿ. ಹತ್ತಿರದಲ್ಲಿ ಬಾಗಿಲಿರುವ ಶೌಚಾಲಯವಿದೆಯೇ? ಇಲ್ಲದಿದ್ದರೆ ಉಳಿದ ಯಾವ ಉಪಾಯವೂ ನಡೆಯದು. ವಾರದಲ್ಲಿ ಎರಡು ದಿನ ಜೋಕಾಲಿಯನ್ನು ಅವರಿಗೇ ಬಿಟ್ಟುಕೊಡಿ. ಪಂಚಮಿಯಲ್ಲಿ ಹುಡುಗಿಯರೂ ಸೊಸೆಯಂದಿರೂ ಗಿಡದ ತುದಿ ಮುಟ್ಟುವ ಹಾಗೆ ಜೀಕುವ ಊರುಗಳು ನಮ್ಮವು, ಅದನ್ನು ವರ್ಷಕ್ಕೊಂದೇ ದಿನ ಎಂದು ಯಾರೂ ಬರೆದಿಟ್ಟಿಲ್ಲ. ಮಂಡಳದ ಹುಡುಗರು ಆ ಹೊತ್ತಿನಲ್ಲಿ ಬೇರೆ ಕೆಲಸ ನೋಡಿಕೊಂಡರೆ ಬಹಳ ಉಪಕಾರ.

ಪ್ರಶ್ನೆ: ನೆರೆಯಿಂದ ಪಾಠಗಳು ಈಗಾಗಲೇ ಹಿಂದೆ ಬಿದ್ದಿವೆ. ಆಟದಿಂದ ಇನ್ನಷ್ಟು ಹಾಳಾಗುವುದಿಲ್ಲವೇ? (ಅಥಣಿ ಕಡೆಯ ಒಬ್ಬ ಪಾಲಕರು)

ಉತ್ತರ: ಇಲ್ಲ. ರಾತ್ರಿ ನಿದ್ದೆ ಬಾರದ, ಹಗಲು ಮನಸ್ಸು ನಿಲ್ಲದ ಮಗುವಿಗೆ ಹೆಚ್ಚಿನ ತರಗತಿ ನಡೆಸಿದರೆ ತರಗತಿ ನಡೆಯುತ್ತದೆ, ಕಲಿಕೆ ನಡೆಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಆಡಲಿ, ಆಮೇಲೆ ಓದಲಿ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ಕಡೆಯ ಸ್ವಯಂಸೇವಕರು ನಾವು. ಇಂಥ ಜಾಗವನ್ನು ಎಷ್ಟು ದಿನ ನಡೆಸಬೇಕು? ಮೂರು ತಿಂಗಳ ನಂತರ ಮುಚ್ಚಬಹುದೇ?

ಉತ್ತರ: ಮೂರು ತಿಂಗಳಿಗೆ ಮುಚ್ಚಬೇಡಿ. ಪರಿಹಾರ ಸಾಮಗ್ರಿ ನಿಂತು, ಹೊರಗಿನವರು ಹೋಗಿ, ಮನೆಗಳಲ್ಲಿ ಸಾಲದ ಚಿಂತೆ ಮೊದಲಾಗುವುದು ಆಗಲೇ. ಮಕ್ಕಳಿಗೆ ಆ ಹೊತ್ತು ಹೆಚ್ಚು ಭಾರ. ಕನಿಷ್ಠ ಮುಂದಿನ ಶ್ರಾವಣ ದಾಟಲಿ. ಹೊಳೆ ಮತ್ತೆ ಕೆಂಪಾಗಿ ಏರುವುದನ್ನು ಮಕ್ಕಳು ನೋಡುವ ಮೊದಲ ಮಳೆಗಾಲದಲ್ಲಿ ಪರಿಚಯದ ಜಾಗವೂ ಪರಿಚಯದ ಮುಖಗಳೂ ಹತ್ತಿರವಿರಬೇಕು. ಸೆಂದಾಯ್ ನಗರದ ಕಡಲದಂಡೆಯಲ್ಲಿ ಅಂಥದೊಂದು ಸಾಹಸ ಆಟದ ಬಯಲು 2011ರ ಸುನಾಮಿಯಲ್ಲಿ ಹಾಳಾಗಿತ್ತು. ಅದನ್ನು ನಡೆಸುತ್ತಿದ್ದವರು ನಡುವಿನ ವರ್ಷಗಳಲ್ಲಿ ಬೇರೆ ಬೇರೆ ಕಡೆ ಮಕ್ಕಳಿಗೆ ಆಟ ಏರ್ಪಡಿಸುತ್ತಲೇ ಇದ್ದು, 2018ರಲ್ಲಿ ಅದೇ ಸ್ಥಳದಲ್ಲಿ ಮತ್ತೆ ಬಾಗಿಲು ತೆರೆದರು. ನಿಮ್ಮಿಂದ ಅಷ್ಟು ವರ್ಷ ಆಗದಿದ್ದರೆ ಈಗಿನಿಂದಲೇ ಊರಿನ ಇಬ್ಬರನ್ನು ಜೊತೆಗೆ ಇಟ್ಟುಕೊಂಡು, ಸಲಿಕೆ ಸುತ್ತಿಗೆಗಳ ಪೆಟ್ಟಿಗೆಯ ಕೀಲಿಯನ್ನು ಹೋಗುವ ಮೊದಲು ಅವರ ಕೈಗೆ ಕೊಟ್ಟು ಹೋಗಿ.